ಬೇಸಿಗೆಯಲ್ಲಿ ಕೋಳಿಗಳಿಗೆ ಉತ್ಕರ್ಷಣ ನಿರೋಧಕ ಜೀವಸತ್ವಗಳ ಪೂರೈಕೆ

ಕೋಳಿಗಳಿಗೆ ಬೆವರು ಗ್ರಂಥಿಗಳಿಲ್ಲ. ಅವುಗಳ ದೇಹದ ಸಹಜ ಉಷ್ಣತೆಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದು, ತೀವ್ರ ಸೆಖೆಯಲ್ಲಿ ಹೆಚ್ಚುವರಿ ಶಾಖವನ್ನು ಬಹುಮಟ್ಟಿಗೆ ಬಾಯಿ ತೆರೆದು ಏದುಸಿರು ಬಿಡುವುದರ ಮೂಲಕವೇ ಹೊರಹಾಕಬೇಕಾಗುತ್ತದೆ. ಬೆಳೆದ ಕೋಳಿಗಳಿಗೆ 18ರಿಂದ 24 ಡಿಗ್ರಿ ಉಷ್ಣತೆಯು ಹಿತಕರವಾದುದು. 30 ಡಿಗ್ರಿ ದಾಟಿದ ಮೇಲೆ ಅವು ಆಹಾರ ತಿನ್ನುವುದನ್ನು ಕಡಿಮೆ ಮಾಡಿ ನೀರು ಕುಡಿಯುವುದನ್ನು ಹೆಚ್ಚಿಸುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆಯು 40 ಡಿಗ್ರಿ ಮೀರುವುದು ಸಾಮಾನ್ಯ. ಕರಾವಳಿಯಲ್ಲಿ ಉಷ್ಣತೆ ಇಷ್ಟು ಏರದಿದ್ದರೂ ಗಾಳಿಯಲ್ಲಿನ ತೇವಾಂಶದಿಂದಾಗಿ ಏದುಸಿರಿನಿಂದ ದೊರೆಯುವ ತಂಪು ಕಡಿಮೆಯಾಗುವುದರಿಂದ ಅಲ್ಲಿಯ ಸಾಕಾಣಿಕೆದಾರರೂ ನಿರ್ಲಕ್ಷಿಸುವಂತಿಲ್ಲ.

ಜೀವಸತ್ವಗಳ ಪಾತ್ರ

ಶಾಖದ ಒತ್ತಡಕ್ಕೆ ಒಳಗಾದ ಕೋಳಿಯ ಜೀವಕೋಶಗಳಲ್ಲಿ ಫ್ರೀ ರ್ಯಾಡಿಕಲ್ ಎಂದು ಕರೆಯಲಾಗುವ ಅತಿ ಚಟುವಟಿಕೆಯ ಕಣಗಳು ಅಧಿಕವಾಗಿ ಉತ್ಪತ್ತಿಯಾಗುತ್ತವೆ. ಇವು ಜೀವಕೋಶದ ಹೊರಪದರದಲ್ಲಿರುವ ಕೊಬ್ಬಿನಂಶವನ್ನು ಕೆಡಿಸುತ್ತವೆ. ಈ ಹಾನಿಯನ್ನು ತಡೆಯುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ಇವುಗಳಲ್ಲಿ ಜೀವಸತ್ವ ‘ಇ’ ಮತ್ತು ಜೀವಸತ್ವ ‘ಸಿ’ ಮುಖ್ಯವಾದವು.

ಜೀವಸತ್ವ ‘ಇ’ಯನ್ನು ಕೋಳಿಯು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ದೊರೆಯಬೇಕು. ಇದು ಕೊಬ್ಬಿನಲ್ಲಿ ಕರಗುವಂಥದ್ದಾಗಿದ್ದು ದೇಹದಲ್ಲಿ ನಿಧಾನವಾಗಿ ಸಂಗ್ರಹವಾಗುತ್ತದೆ. ಜೀವಸತ್ವ ‘ಸಿ’ಯ ಸಂಗತಿ ಬೇರೆ. ಮನುಷ್ಯರಂತಲ್ಲದೆ ಕೋಳಿಗಳು ಇದನ್ನು ತಮ್ಮ ಮೂತ್ರಪಿಂಡದಲ್ಲಿ ಉತ್ಪಾದಿಸಿಕೊಳ್ಳುತ್ತವೆ. ಆದಕಾರಣ ಸಾಮಾನ್ಯ ದಿನಗಳಲ್ಲಿ ಅದನ್ನು ಪ್ರತ್ಯೇಕವಾಗಿ ನೀಡುವ ಅಗತ್ಯವಿಲ್ಲ. ಕಡು ಬೇಸಿಗೆಯಲ್ಲಿ ಮಾತ್ರ ಈ ಉತ್ಪಾದನೆಯು ದೇಹದ ಬೇಡಿಕೆಗೆ ಸಾಲದಾಗುತ್ತದೆ. ಬಳಕೆಯಾಗಿ ಶಕ್ತಿ ಕಳೆದುಕೊಂಡ ಜೀವಸತ್ವ ‘ಇ’ಯನ್ನು ಮರಳಿ ಸಕ್ರಿಯಗೊಳಿಸುವ ಗುಣವೂ ಜೀವಸತ್ವ ‘ಸಿ’ಗೆ ಇರುವುದರಿಂದ ಎರಡನ್ನೂ ಜೊತೆಯಾಗಿ ನೀಡುವುದು ಲಾಭದಾಯಕ.

ಸೆಲೆನಿಯಂ ಎಂಬ ಖನಿಜಾಂಶವೂ ಇದೇ ಕಾರ್ಯದಲ್ಲಿ ನೆರವಾಗುತ್ತದೆ. ಆದರೆ ಕಂಪನಿಗಳ ಖನಿಜ ಮಿಶ್ರಣಗಳಲ್ಲಿ ಇದು ಸಾಮಾನ್ಯವಾಗಿ ಮೊದಲೇ ಸೇರಿರುತ್ತದೆ. ಅಗತ್ಯ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆಯಿರುವುದರಿಂದ ಪಶುವೈದ್ಯರ ಸಲಹೆಯಿಲ್ಲದೆ ಸೆಲೆನಿಯಂ ಅನ್ನು ಪ್ರತ್ಯೇಕವಾಗಿ ಬೆರೆಸಕೂಡದು.

ಯಾವಾಗ, ಎಷ್ಟು ನೀಡಬೇಕು

ಬಹುತೇಕ ಸಾಕಾಣಿಕೆದಾರರು ಕೋಳಿಗಳು ಸಾಯಲಾರಂಭಿಸಿದ ಮೇಲೆ ಜೀವಸತ್ವದ ಪೊಟ್ಟಣಕ್ಕಾಗಿ ಅಂಗಡಿಗೆ ಹೋಗುತ್ತಾರೆ. ಆ ಹೊತ್ತಿಗೆ ಜೀವಸತ್ವ ‘ಇ’ ನೀಡಿದರೆ ಫಲ ಅತ್ಯಲ್ಪ. ಮೊಟ್ಟೆ ಕೋಳಿಗಳ ಮೇಲಿನ ಪ್ರಯೋಗಗಳಲ್ಲಿ, ಪ್ರತಿ ಕಿಲೋ ಆಹಾರಕ್ಕೆ 250 ಮಿಲಿಗ್ರಾಂ ಜೀವಸತ್ವ ‘ಇ’ಯನ್ನು ಬಿಸಿಲಿಗೆ ಮುಂಚೆ, ಬಿಸಿಲಿನ ಅವಧಿಯಲ್ಲಿ ಹಾಗೂ ಅನಂತರವೂ ನೀಡಿದಾಗ ಮೊಟ್ಟೆಯ ಇಳುವರಿ ಕುಸಿಯುವುದು ಕಡಿಮೆಯಾಗಿದೆ. ಆದ್ದರಿಂದ ಬಯಲುಸೀಮೆಯಲ್ಲಿ ಮಾರ್ಚ್ ಮೊದಲ ವಾರದೊಳಗೆ ಆರಂಭಿಸುವುದು ಸೂಕ್ತ. ಜೀವಸತ್ವ ‘ಸಿ’ಯು ದೇಹದಲ್ಲಿ ಹೆಚ್ಚು ದಿನ ಉಳಿಯದು, ಬಿಸಿಲು ತೀವ್ರವಾಗಿರುವ ದಿನಗಳಲ್ಲಿ ಪ್ರತಿದಿನವೂ, ಕಿಲೋ ಆಹಾರಕ್ಕೆ ಸುಮಾರು 250 ಮಿಲಿಗ್ರಾಂನಂತೆ ನೀಡಬಹುದು.

ಉದಾಹರಣೆಗೆ, 1,000 ಮೊಟ್ಟೆ ಕೋಳಿಗಳು ದಿನಕ್ಕೆ ತಲಾ 100 ಗ್ರಾಂನಂತೆ 100 ಕಿಲೋ ಆಹಾರ ತಿನ್ನುತ್ತವೆ ಎಂದಿಟ್ಟುಕೊಳ್ಳಿ. ಅವುಗಳಿಗೆ ಬೇಕಾಗುವ ಜೀವಸತ್ವ ‘ಇ’ 25 ಗ್ರಾಂ. ಮಾರುಕಟ್ಟೆಯ ಶೇ. 50ರ ಪುಡಿಯಾದಲ್ಲಿ 50 ಗ್ರಾಂ. ಸೆಖೆಯಿಂದ ಆಹಾರ ಸೇವನೆಯು 80 ಗ್ರಾಂಗೆ ಇಳಿದರೆ ಪ್ರತಿ ಕೋಳಿಗೆ ದೊರೆಯುವ ಜೀವಸತ್ವವು 25ರ ಬದಲು 20 ಮಿಲಿಗ್ರಾಂ ಮಾತ್ರ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪುಡಿಯನ್ನು ನೇರವಾಗಿ ಆಹಾರದ ರಾಶಿಗೆ ಸುರಿಯದೆ ಮೊದಲು ಒಂದೆರಡು ಕಿಲೋ ಆಹಾರದಲ್ಲಿ ಚೆನ್ನಾಗಿ ಬೆರೆಸಿ, ಅನಂತರ ಉಳಿದುದಕ್ಕೆ ಸೇರಿಸತಕ್ಕದ್ದು.

ಜೀವಸತ್ವ ‘ಸಿ’ಯು ಶಾಖ, ಬೆಳಕು ಹಾಗೂ ತಾಮ್ರ, ಕಬ್ಬಿಣದ ಸಂಪರ್ಕದಿಂದ ಬೇಗನೆ ನಾಶವಾಗುತ್ತದೆ. ಆಹಾರದಲ್ಲಿ ಬೆರೆಸುವುದಾದರೆ ಲೇಪಿತ ಪುಡಿಯನ್ನೇ ಖರೀದಿಸುವುದು. ನೀರಿನಲ್ಲಿ ನೀಡುವುದಾದರೆ ಮೇಲಿನ ಉದಾಹರಣೆಯ 1,000 ಕೋಳಿಗಳಿಗೆ 25 ಗ್ರಾಂ ಪುಡಿಯನ್ನು, ಅವು ಬೆಳಗಿನ ಕೆಲವೇ ಗಂಟೆಗಳಲ್ಲಿ ಕುಡಿದು ಮುಗಿಸುವಷ್ಟು ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಆಗಿಂದಾಗ್ಗೆ ಕರಗಿಸಿ ಕೊಡುವುದು. ಚಾವಣಿಯ ಮೇಲೆ ಬಿಸಿಲಿನಲ್ಲಿರುವ ಟ್ಯಾಂಕಿಗೆ ಹಾಕಿದರೆ ಹಣವನ್ನು ನೀರಿಗೆ ಹಾಕಿದಂತೆಯೇ. ಕ್ಲೋರಿನ್ ಬೆರೆತ ನೀರೂ ಆಗದು. ಲಸಿಕೆ ನೀಡುವ ನೀರಿಗೆ ಜೀವಸತ್ವವನ್ನಾಗಲಿ ಔಷಧಿಯನ್ನಾಗಲಿ ಬೆರೆಸಬಾರದು.

ಕಮಟು ವಾಸನೆ ಬಂದ ಅಕ್ಕಿ ತೌಡು ಅಥವಾ ಎಣ್ಣೆಯು ಆಹಾರದಲ್ಲಿರುವ ಜೀವಸತ್ವ ‘ಇ’ಯನ್ನು ಕೆಡಿಸಿಬಿಡುತ್ತದೆ. ಬೇಸಿಗೆಯಲ್ಲಿ ತೌಡು ಬೇಗ ಕಮಟಾಗುವುದರಿಂದ ಹೆಚ್ಚು ದಿನ ದಾಸ್ತಾನು ಮಾಡಬಾರದು.

ಖರ್ಚಿನ ವಿಚಾರ

ವಾರದೊಳಗೆ ಮಾರಾಟವಾಗಲಿರುವ ಮಾಂಸದ ಕೋಳಿಗಳಿಗೆ ಹೊಸದಾಗಿ ಜೀವಸತ್ವ ‘ಇ’ ಆರಂಭಿಸುವುದು ದಂಡದ ಖರ್ಚು. ಅವುಗಳಿಗೆ ಜೀವಸತ್ವ ‘ಸಿ’ ಮತ್ತು ತಂಪು ನೀರು ಸಾಕು. ಗುತ್ತಿಗೆ ಸಾಕಾಣಿಕೆಯಲ್ಲಿ ಆಹಾರವನ್ನು ಕಂಪನಿಯೇ ಪೂರೈಸುವುದರಿಂದ, ಅದರಲ್ಲಿ ಈಗಾಗಲೇ ಸೇರಿರುವ ಪ್ರಮಾಣವನ್ನು ವಿಚಾರಿಸಿಕೊಂಡ ನಂತರವೇ ಮುಂದುವರಿಯುವುದು. ಹಿತ್ತಲಿನಲ್ಲಿ ಸಾಕುವ ನಾಟಿ, ಗಿರಿರಾಜ, ಸ್ವರ್ಣಧಾರ ಕೋಳಿಗಳು ಸೊಪ್ಪು ಸದೆ ಮೇಯುವುದರಿಂದ ಸಾಮಾನ್ಯವಾಗಿ ಪೊಟ್ಟಣದ ಜೀವಸತ್ವ ಬೇಕಾಗುವುದಿಲ್ಲ. ನುಗ್ಗೆ ಸೊಪ್ಪು, ಮರದ ನೆರಳು ಮತ್ತು ಮಡಕೆಯ ನೀರು ಒದಗಿಸಿದರೆ ಸಾಕು.

ಜೀವಸತ್ವಗಳು ನೆರಳಿಗೂ ಗಾಳಿಗೂ ಬದಲಿಯಲ್ಲ. 42 ಡಿಗ್ರಿಯ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಇಕ್ಕಟ್ಟಿನಲ್ಲಿರುವ ಕೋಳಿಯನ್ನು ಯಾವ ಪುಡಿಯೂ ಉಳಿಸಲಾರದು. ಚಾವಣಿಗೆ ಸುಣ್ಣ ಬಳಿಯುವುದು, ಗರಿ ಹೊದಿಸುವುದು, ಬದಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ ಗಾಳಿಯಾಡಲು ಬಿಡುವುದು, ಕೋಳಿಗಳ ಸಾಂದ್ರತೆ ತಗ್ಗಿಸುವುದು ಮೊದಲು ಆಗಬೇಕಾದ ಕೆಲಸಗಳು. ಜೀರ್ಣಕ್ರಿಯೆಯಿಂದಲೂ ಶಾಖ ಹುಟ್ಟುವುದರಿಂದ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಆಹಾರ ನೀಡದೆ ನಸುಕಿನಲ್ಲಿ ಮತ್ತು ಸಂಜೆ ನೀಡುವುದು ಒಳ್ಳೆಯದು. ನೀರನ್ನು ಮಾತ್ರ ಎಂದಿಗೂ ನಿಲ್ಲಿಸಬಾರದು. ಏದುಸಿರಿನಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೊಟ್ಟೆಯ ಚಿಪ್ಪು ತೆಳುವಾಗುವುದು ಜೀವಸತ್ವವೊಂದರಿಂದಲೇ ಸರಿಹೋಗದು. ಇದಕ್ಕೆ ಅಡುಗೆ ಸೋಡಾ ಬಳಸುವ ಬಗ್ಗೆ ಪಶುವೈದ್ಯರ ಸಲಹೆ ಪಡೆಯುವುದು.

ಸಾವು ಸಂಭವಿಸಿದಲ್ಲಿ

ಬೇಸಿಗೆಯ ಎಲ್ಲ ಸಾವುಗಳನ್ನೂ ಬಿಸಿಲಿನ ಮೇಲೆ ಹೊರಿಸುವುದು ಅಪಾಯಕರ. ಬಿಸಿಲಿನಿಂದಾಗುವ ಸಾವು ಸಾಮಾನ್ಯವಾಗಿ ಮಧ್ಯಾಹ್ನದ ನಂತರ, ದಪ್ಪ ಕೋಳಿಗಳಲ್ಲಿ ಹೆಚ್ಚು. ಬೆಳಗಿನ ತಂಪಿನಲ್ಲೂ ಕೋಳಿಗಳು ಸಾಯುತ್ತಿದ್ದರೆ, ಹಸಿರು ಭೇದಿ, ಕತ್ತು ತಿರುಚುವಿಕೆ ಅಥವಾ ತಲೆಯ ಊತ ಕಂಡುಬಂದರೆ ಕೊಕ್ಕರೆ ರೋಗ ಅಥವಾ ಹಕ್ಕಿಜ್ವರವನ್ನು ಶಂಕಿಸಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ಸತ್ತ ಕೋಳಿಗಳನ್ನು ಕೊಯ್ಯದೆ, ಉಳಿದವನ್ನು ಮಾರದೆ, ಬೇರೆಡೆಗೆ ಸಾಗಿಸದೆ ಕೂಡಲೇ ಸಮೀಪದ ಪಶುವೈದ್ಯ ಸಂಸ್ಥೆಗೆ ಅಥವಾ 1962 ಸಹಾಯವಾಣಿಗೆ ತಿಳಿಸತಕ್ಕದ್ದು. ಕೋಳಿಗಳ ಸಂಖ್ಯೆ ಮತ್ತು ವಯಸ್ಸು, ಹಿಂದಿನ ಒಂದು ವಾರದ ಆಹಾರ ಸೇವನೆ, ಲಸಿಕೆ ನೀಡಿದ ದಿನಾಂಕಗಳು ಹಾಗೂ ಬಳಸಿದ ಜೀವಸತ್ವ ಪೊಟ್ಟಣದ ಚೀಟಿ ಸಿದ್ಧವಿದ್ದಲ್ಲಿ ವೈದ್ಯಾಧಿಕಾರಿಗಳಿಗೆ ಅನುಕೂಲವಾಗುತ್ತದೆ.