ವಿಡಂಬನ ಕಥನದಲ್ಲಿ ರಾಜತಾಂತ್ರಿಕರ ದಿನಚರಿ

ರಾಯಭಾರ ಕಚೇರಿಯ ದೈನಂದಿನ ಬದುಕನ್ನೇ ವಸ್ತುವಾಗಿ ಉಳ್ಳ ನಗೆಬರಹ 20ನೆಯ ಶತಮಾನದ ಯುರೋಪಿನಲ್ಲಿ ಹುಲುಸಾಗಿ ಬೆಳೆಯಿತು. ಪತ್ತೇದಾರಿ ಕಾದಂಬರಿಯ ರಾಯಭಾರಿ ಗುಟ್ಟು ಕಾಯುತ್ತಾನೆ. ಇಲ್ಲಿಯವನು ಔತಣದಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬೇಕೆಂದು ತಲೆ ಕೆಡಿಸಿಕೊಳ್ಳುತ್ತಾನೆ, ಬಡ್ತಿಗೆ ಕಾಯುತ್ತಾನೆ. ಎವೆಲಿನ್ ವಾ ಬರೆದ ‘ಬ್ಲ್ಯಾಕ್ ಮಿಸ್ಚಿಫ್’ (1932) ಕಾದಂಬರಿಯಲ್ಲಿ ಆಫ್ರಿಕದ ಕಲ್ಪಿತ ದೇಶವೊಂದರ ಬ್ರಿಟಿಷ್ ದೂತ ಸ್ನಾನದ ತೊಟ್ಟಿಯಲ್ಲಿ ರಬ್ಬರ್ ಹಾವಿನೊಡನೆ ಆಡುತ್ತಿರುತ್ತಾನೆ.

ಈ ಪ್ರಕಾರದ ಹೆಸರಾಂತ ಕೃತಿಗಳು ಲಾರೆನ್ಸ್ ಡರೆಲ್‌ನ ಆಂಟ್ರೋಬಸ್ ಕತೆಗಳು. 1912ರಲ್ಲಿ ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದ ಡರೆಲ್, 1949ರಿಂದ 1952ರವರೆಗೆ ಬೆಲ್‌ಗ್ರೇಡ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಪತ್ರಿಕಾ ವಿಭಾಗ ನೋಡಿಕೊಳ್ಳುತ್ತಿದ್ದ. ‘ಎಸ್ಪ್ರಿ ದ ಕೋರ್’ (1957) ಸೇರಿ ಮೂರು ಸಂಕಲನಗಳಲ್ಲಿ ಹಳೆಯ ಅಧಿಕಾರಿ ಆಂಟ್ರೋಬಸ್ ತನ್ನ ಅನುಭವಗಳನ್ನು ಹೇಳುತ್ತಾನೆ. ಒಂದು ಕತೆಯಲ್ಲಿ ಬೆಲ್‌ಗ್ರೇಡ್‌ನ ಇಂಗ್ಲಿಷ್ ಪತ್ರಿಕೆಗೆ ಮೊಳೆ ಜೋಡಿಸುವವರಿಗೆ ಇಂಗ್ಲಿಷೇ ಬಾರದು; ಒಂದಕ್ಷರ ಆಚೀಚೆಯಾದರೆ ಸಾಕು, ದೇಶದ ಮಾನ ಹೋಗುವಂಥ ಶೀರ್ಷಿಕೆ ಅಚ್ಚಾಗಿಬಿಡುತ್ತದೆ. ಕರಡು ತಿದ್ದಿದ ಅನುಭವವಿದ್ದವನಿಗಷ್ಟೇ ಹೊಳೆಯುವ ಹಾಸ್ಯವಿದು. ಆದರೆ ಬಾಲ್ಕನ್ ಜನರನ್ನು ಡರೆಲ್ ಒರಟು ವ್ಯಂಗ್ಯಚಿತ್ರಗಳಾಗಿಸಿದ. ಇಂದಿನ ಓದುಗರಿಗೆ ಅದು ಚುಚ್ಚದೆ ಇರದು.

ಆಳದಲ್ಲಿ ಎಲ್ಲರಿಗಿಂತ ಮುಂದೆ ಹೋದವನು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಕಚೇರಿಯಲ್ಲಿ ದುಡಿದಿದ್ದ ಆಲ್ಬೆರ್ ಕೊಯೆನ್. ಅವನ ಫ್ರೆಂಚ್ ಕಾದಂಬರಿ ‘ಬೆಲ್ ದ್ಯು ಸೆನ್ಯೂರ್’ಗೆ (1968) ಫ್ರೆಂಚ್ ಅಕಾಡೆಮಿಯ ಕಾದಂಬರಿ ಪ್ರಶಸ್ತಿ ಬಂತು. ಅದರ ಅಡ್ರಿಯೆನ್ ದ್ಯೂಮ್ ರಾಯಭಾರಿಯಲ್ಲ, ರಾಷ್ಟ್ರಸಂಘದ ನೌಕರ. ಮೇಜಿನ ಮೇಲೆ ಬ್ರಿಟಿಷರ ದೊಡ್ಡದೊಂದು ವರದಿ ಬಿದ್ದಿದೆ, ಟಿಪ್ಪಣಿ ಬರೆಯಬೇಕು. ದ್ಯೂಮ್ ಪೆನ್ಸಿಲ್ ಚೂಪು ಮಾಡುತ್ತಾನೆ, ರಜೆಯ ಲೆಕ್ಕ ಹಾಕುತ್ತಾನೆ. ‘ಎ’ ದರ್ಜೆಗೆ ಏರುವುದಷ್ಟೇ ಅವನ ಕನಸು. ಹೊರಗೆ ಯುರೋಪು ಯುದ್ಧದತ್ತ ಜಾರುತ್ತಿದೆ. ಯಹೂದಿಯಾದ ಕೊಯೆನ್‌ನ ಸಿಟ್ಟು ಆ ಪುಟಗಳಲ್ಲಿ ಸುಡುತ್ತದೆ.

ಈಚಿನ ಉದಾಹರಣೆ ಎರಡು ಸಂಪುಟಗಳ ಫ್ರೆಂಚ್ ಚಿತ್ರಕಥೆ ‘ಕೆ ದೋರ್ಸೆ’ (2010, 2011). ವಿದೇಶಾಂಗ ಸಚಿವ ದೊಮಿನಿಕ್ ದ ವಿಲ್‌ಪೆಂಗೆ ಭಾಷಣ ಬರೆದುಕೊಡುತ್ತಿದ್ದ ಆಂಟೊನಾನ್ ಬೋದ್ರಿ, ಗುಪ್ತನಾಮದಲ್ಲಿ, ಚಿತ್ರಕಾರ ಕ್ರಿಸ್ಟೊಫ್ ಬ್ಲೆನ್ ಜೊತೆ ಇದನ್ನು ರಚಿಸಿದ. ಇಲ್ಲಿ ಕೆಲಸವೆಂದರೆ ಬರೆದದ್ದನ್ನು ಹರಿದು ಮತ್ತೆ ಬರೆಯುವುದು: ಸಚಿವ ಬಾಗಿಲು ದಢಾರನೆ ತೆಗೆದು ಬರುತ್ತಾನೆ, ಕಾಗದಗಳು ಹಾರುತ್ತವೆ, ರಾತ್ರಿಯೆಲ್ಲ ಕೂತು ಸಿದ್ಧಪಡಿಸಿದ ಕರಡು ಬದಲಾಗುತ್ತದೆ. ಇರಾಕ್ ಯುದ್ಧವನ್ನು ವಿರೋಧಿಸಿ 2003ರ ಫೆಬ್ರವರಿಯಲ್ಲಿ ವಿಲ್‌ಪೆಂ ಭದ್ರತಾ ಮಂಡಳಿಯಲ್ಲಿ ಮಾಡಿದ ಭಾಷಣವೇ ಕತೆಯ ಹಿನ್ನೆಲೆ. ಬೆರ್ಟ್ರಾಂಡ್ ತಾವೆರ್ನಿಯೆ 2013ರಲ್ಲಿ ಇದನ್ನು ಸಿನಿಮಾ ಮಾಡಿದ.