ಮಳಖೇಡದ ಹಾರ, ಡೊಂಬಿವಲಿಯ ಹಾರ

ರಜೆಯಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಒಂದೆಡೆ ಕೂರಿಸಲು ನಮ್ಮ ಹಿರಿಯರ ಬಳಿ ಒಂದು ಲೆಕ್ಕವಿತ್ತು. ‘ಒಂದರಿಂದ ಒಂಬತ್ತರವರೆಗೆ ಅಂಕೆಗಳನ್ನು ಸಾಲಾಗಿ ಬರಿ, ಎಂಟನ್ನು ಮಾತ್ರ ಬಿಡು. ಈಗ ನಿನಗೆ ಇಷ್ಟವಾದ ಒಂದು ಅಂಕೆ ಹೇಳು.’ ಹುಡುಗ ‘ಐದು’ ಎನ್ನುವನು. ‘ಐದೊಂಬತ್ಲ ನಲವತ್ತೈದು. ಅದರಿಂದ ಗುಣಿಸು ನೋಡೋಣ.’ 12345679ನ್ನು 45ರಿಂದ ಗುಣಿಸಿ, ಸ್ಲೇಟಿನ ತುಂಬ ಬರೆದು ಬೆವರಿ, ಕೊನೆಗೆ ನೋಡಿದರೆ 555555555! ಏಳು ಎಂದಿದ್ದರೆ ಅರವತ್ತಮೂರರಿಂದ ಗುಣಿಸಿ ಏಳುಗಳ ಸಾಲನ್ನೇ ಪಡೆಯುತ್ತಿದ್ದ.

ಮೊನ್ನೆ ರವಿವಾರ ಇದೇ ಲೆಕ್ಕವನ್ನು ಮೊಮ್ಮಗನಿಗೆ ಒಡ್ಡಿದೆವು. ‘ಅಜ್ಜ, ನಲವತ್ತೈದು ಅಂದ್ರೆ ಫಾರ್ಟಿಫೈವಾ, ಫಿಫ್ಟಿಫೋರಾ?’ ಎಂದು ಕೇಳಿದ. ಶಾಲೆಯಲ್ಲಿ ಇಂಗ್ಲಿಷು, ಗೆಳೆಯರೊಡನೆ ಮರಾಠಿ. ಮರಾಠಿಯಲ್ಲಿ ಐದು ಮೊದಲು, ನಲವತ್ತು ಆಮೇಲೆ ಬರುವುದರಿಂದ ಅವನ ಗೊಂದಲಕ್ಕೆ ಕಾರಣವೂ ಉಂಟು. ಮನೆಯಲ್ಲಿ ಅಚ್ಚುಕಟ್ಟಾಗಿ ಕನ್ನಡ ಮಾತಾಡುವ ಹುಡುಗ ಎಣಿಸುವಾಗ ಮಾತ್ರ ಕನ್ನಡವನ್ನು ಬಿಟ್ಟುಬಿಡುತ್ತಾನೆ. ತಪ್ಪು ನಮ್ಮದೇ. ಕತೆ ಹೇಳಿದೆವು, ಹಾಡು ಕಲಿಸಿದೆವು, ಮಗ್ಗಿ ಹೇಳಿಸಲಿಲ್ಲ.

ಆ ಲೆಕ್ಕ ಸುಮಾರು 1,150 ವರ್ಷಗಳಷ್ಟು ಹಳೆಯದು. ಅದೂ ನಮ್ಮ ನಾಡಿನ ದೊರೆಯನ್ನು ಹೊಗಳುವ ಪುಸ್ತಕದ್ದು. ಕ್ರಿ. ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದರು. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಸ್ತುತಿ ಅದರ ಆರಂಭದಲ್ಲೇ ಇದೆ. ‘ಕವಿರಾಜಮಾರ್ಗ’ವೆಂದರೆ ನಮಗೆಲ್ಲ ಗೊತ್ತು, ಅದೇ ಅರಸನ ಕಾಲದ ಗಣಿತದ ಪುಸ್ತಕ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದು ಎಷ್ಟೋ ಶತಮಾನಗಳಾಗಿದ್ದವು. ಕನ್ನಡದಲ್ಲೂ ಗಣಿತ ಬರೆದವರು ಇರಲಿಲ್ಲವೆಂದಲ್ಲ: ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ಗಳನ್ನು ಬರೆದ. ಹಸುಗೆ ಎಂದರೆ ಪಾಲು, ಹಂಚಿಕೆ. ಲೆಕ್ಕದ ಪುಸ್ತಕಕ್ಕೆ ಇಷ್ಟು ಚೆಲುವಾದ ಹೆಸರನ್ನು ಇಂದು ಯಾರು ಇಡುತ್ತಾರೆ!

ಮಹಾವೀರರ ಉದಾಹರಣೆಗಳಲ್ಲಿ ಹಕ್ಕಿಗಳ ಲೆಕ್ಕವೊಂದಿದೆ. ಪಾರಿವಾಳ 3 ಪಣಕ್ಕೆ 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. ರಾಜಕುಮಾರನ ವಿನೋದಕ್ಕಾಗಿ ನೂರು ಪಣಕ್ಕೆ ಸರಿಯಾಗಿ ನೂರು ಹಕ್ಕಿ ತರಬೇಕು. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ಎಂಬುದು ಒಂದು ಉತ್ತರ. ಗುಂಪು ಒಡೆಯದೆ, ನಾಲ್ಕು ಜಾತಿಯನ್ನೂ ಕೊಳ್ಳಬೇಕೆಂದರೆ ಇನ್ನೂ ಐದು ಬಗೆಯಲ್ಲಿ ತರಬಹುದು. ಅವನ್ನು ಇಲ್ಲಿ ಬರೆಯುವುದಿಲ್ಲ. ಮನೆಯ ಮಕ್ಕಳ ಪಾಲಿಗೆ ಇರಲಿ.

ಆದರೆ ನಮ್ಮನ್ನು ಹೆಚ್ಚು ಸೆಳೆದದ್ದು ಅವರ ಹಾರಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಅವರು ಕೊರಳ ಆಭರಣವೆಂದು ಕರೆಯುತ್ತಾರೆ. 12345679ನ್ನು 9ರಿಂದ ಗುಣಿಸಿ ಬರುವ ಒಂಬತ್ತು ಒಂದುಗಳ ಸರ ಅವುಗಳಲ್ಲೊಂದು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗೆ ಎರಡು ಮಣಿ, ನಡುವೆ ಬರೀ ಸೊನ್ನೆ. ಇವೆಲ್ಲಕ್ಕಿಂತ ಸೊಗಸಾದದ್ದು 27994681ನ್ನು 441ರಿಂದ ಗುಣಿಸುವುದು. ಉತ್ತರ 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ.

ಈ ಎರಡು ವಿಚಿತ್ರ ಸಂಖ್ಯೆಗಳು ಎಲ್ಲಿಂದ ಬಂದವು? ಪೆನ್ಸಿಲು ಹಿಡಿದು ಕೂತರೆ ಗುಟ್ಟು ಬಿಡುತ್ತದೆ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಎಂದರೆ ಉತ್ತರವು ಆರು ಒಂದುಗಳ ವರ್ಗವಲ್ಲದೆ ಬೇರೇನೂ ಅಲ್ಲ. ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸಿ ಬರೆದು ಕೂಡಿಸಿ ನೋಡಿ. ಕಂಬಗಳಲ್ಲಿ ಒಂದು, ಎರಡು, ಮೂರು ಎಂದು ಏರಿ ತಾನಾಗಿಯೇ ಇಳಿಯುತ್ತದೆ. ಈ ಸುಲಭದ ದಾರಿ ಕಾಣದ ಹಾಗೆ ಸಂಖ್ಯೆಯನ್ನು ಒಡೆದು ಕೊಟ್ಟದ್ದರಲ್ಲೇ ಮೋಜು ಇರುವುದು.

ಇದೇ ಹಾರ ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಲೋಕಲ್ ಗಾಡಿಯ ದಾರಿಯಲ್ಲಿ ಮತ್ತೆ ಸಿಕ್ಕಿತು. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿದ ದ. ರಾ. ಕಾಪ್ರೇಕರರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಬಳಿಯ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾಮಾಸ್ತರರಾಗಿದ್ದರು. 1, 121, 12321, 1234321 ಎಂದು ಏರಿಳಿಯುವ ಸಂಖ್ಯೆಗಳ ಕುಟುಂಬಕ್ಕೆ ಅವರಿಟ್ಟ ಹೆಸರು ‘ಡೆಮ್ಲೊ’. ಅದು ಒಂದು ರೈಲು ನಿಲ್ದಾಣದ ಹೆಸರು. ಆ ವಿಚಾರ ಅವರಿಗೆ ಹೊಳೆದದ್ದು ಅಲ್ಲಿ. ಆ ನಿಲ್ದಾಣವೇ ಈಗಿನ ಡೊಂಬಿವಲಿ! ನಮ್ಮವರು ಎಷ್ಟೋ ಮಂದಿ ದಿನಾ ಬೆಳಿಗ್ಗೆ ಜಾಗಕ್ಕಾಗಿ ನುಗ್ಗಾಡುವ ಪ್ಲಾಟ್‌ಫಾರಂ ಇದೇ ಎಂದು ತಿಳಿದಾಗ ನಮಗೆ ನಗುವೇ ಬಂತು.

ಹತ್ತು ಒಂದುಗಳ ವರ್ಗಕ್ಕೆ ಬಂದರೆ ಹಾರ ಕೆಡುತ್ತದೆ: 1234567900987654321. ನಡುವಿನ ಕಂಬದಲ್ಲಿ ಹತ್ತು ಬಂದು ಒಂದು ಎಡಕ್ಕೆ ದಾಟುತ್ತದೆ, ಅಲ್ಲಿದ್ದ ಒಂಬತ್ತು ಹತ್ತಾಗಿ ಮತ್ತೊಂದನ್ನು ದಾಟಿಸುತ್ತದೆ, ಎಂಟು ಒಂಬತ್ತಾಗಿಬಿಡುತ್ತದೆ. ಎಡಗಡೆಯ ಅಂಕೆಗಳನ್ನು ಓದಿ: 12345679. ಹಿರಿಯರು ‘ಎಂಟನ್ನು ಬಿಡು’ ಎನ್ನುತ್ತಿದ್ದ ಸಂಖ್ಯೆಯೇ ಅಲ್ಲಿದೆ.

ಕಾಪ್ರೇಕರರ ಹೆಸರು ಹೆಚ್ಚು ಹರಡಿದ್ದು 6174ರಿಂದ. ಅದನ್ನು ಅವರು 1949ರಲ್ಲಿ ಪ್ರಕಟಿಸಿದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಪತ್ರಿಕೆಯೊಂದರಲ್ಲಿ ಅವರ ಕುರಿತು ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. 1986ರಲ್ಲಿ ಅವರು ತೀರಿಕೊಂಡರು. ನಾಲ್ಕು ಅಂಕೆಗಳ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಆಗಿರಬಾರದು. ಅಂಕೆಗಳನ್ನು ಇಳಿಕೆಯಲ್ಲಿ ಜೋಡಿಸಿ, ಅದರಿಂದ ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ಏಳು ಸಲದೊಳಗೆ 6174 ಬಂದೇ ಬರುತ್ತದೆ, ಬಂದ ಮೇಲೆ ಕದಲುವುದಿಲ್ಲ.

ನಾವು ಮೊಮ್ಮಗನಿಗೆ ಕನ್ನಡ ನಾಡು ಒಂದಾದ 1956ನ್ನು ಕೊಟ್ಟೆವು. 9651ರಲ್ಲಿ 1569 ಕಳೆದರೆ 8082. 8820ರಲ್ಲಿ 0288 ಕಳೆದರೆ 8532. ಅದರಲ್ಲಿ 2358 ಕಳೆದರೆ 6174. ಕರ್ನಾಟಕವೆಂದು ಹೆಸರಾದ 1973ಕ್ಕೆ ಎರಡೇ ಹೆಜ್ಜೆ ಸಾಕಾಯಿತು. ನಮ್ಮದು ಒಂದು ಕರಾರು: ಪ್ರತಿ ಉತ್ತರವನ್ನೂ ಕನ್ನಡದಲ್ಲಿ ಜೋರಾಗಿ ಹೇಳಬೇಕು. ‘ಎಂಟು ಸಾವಿರದ ಐನೂರ...’ ಎಂದು ತಡವರಿಸಿ ಅಜ್ಜಿಯ ಮುಖ ನೋಡಿದ. ಅಡಿಗೆಮನೆಯಿಂದಲೇ ‘ಮೂವತ್ತೆರಡು’ ಎಂದು ಬಂತು. ರಾತ್ರಿ ಮಲಗುವ ಮುನ್ನ ತನ್ನ ಹುಟ್ಟಿದ ಇಸವಿಯನ್ನು ಹಿಡಿದುಕೊಂಡು ಕೂತಿದ್ದ. ಹೆಜ್ಜೆ ಎಷ್ಟಾಯಿತೋ ಎಣಿಸಲಿಲ್ಲ. ಕೊನೆಗೆ ಹಾಸಿಗೆಯಿಂದಲೇ ಕೂಗಿದ, ‘ಅಜ್ಜ, ಆರು ಸಾವಿರದ ನೂರಾ ಎಪ್ಪತ್ತನಾಲ್ಕು!’