ಎಸ್‌ಪಿಐ ಚಿಪ್ ಸೆಲೆಕ್ಟ್‌ನ ಪೊಲಾರಿಟಿ: ಡಿವೈಸ್ ಟ್ರೀಯಲ್ಲಿ ನಿರ್ಣಾಯಕ ಯಾವುದು?

ಲಿನಕ್ಸ್ ಬೋರ್ಡಿನಲ್ಲಿ ಎಸ್‌ಪಿಐ ಸಾಧನ ಉತ್ತರಿಸದಿದ್ದರೆ ಮೊದಲು ಏನನ್ನು ನೋಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಕಡಿಮೆ: ನೋಡ್‌ನ ಸ್ಟೇಟಸ್, ಪಿನ್‌ಗಳ ಹಂಚಿಕೆ, ಕಂಪ್ಯಾಟಿಬಲ್ ಹೆಸರು, ಕ್ಲಾಕ್ ಮೋಡ್. ಇವೆಲ್ಲ ಸರಿಯಿದ್ದೂ ಓದಿದ ಬೈಟುಗಳೆಲ್ಲ ಎಫ್‌ಎಫ್ ಅಥವಾ ಸೊನ್ನೆಯಾಗಿಯೇ ಬರುವ ಪ್ರಕರಣ ಇಲ್ಲಿನ ವಿಷಯ.

ಜಿಪಿಐಒ ಪಿನ್ ಚಿಪ್ ಸೆಲೆಕ್ಟ್ ಆಗಿರುವಾಗ, ಕಂಟ್ರೋಲರ್ ನೋಡ್‌ನ 'ಸಿಎಸ್-ಜಿಪಿಐಒಸ್' ಸಾಲಿನ ಫ್ಲ್ಯಾಗೇ ಪೊಲಾರಿಟಿಯನ್ನು ತೀರ್ಮಾನಿಸುತ್ತದೆಂಬುದು ಪ್ರಚಲಿತ ಅಭಿಪ್ರಾಯ. ಉಳಿದ ಜಿಪಿಐಒ ಬಳಕೆಗಳಲ್ಲಿ ಸಾಮಾನ್ಯವಾಗಿ ಹಾಗೆಯೇ ನಡೆಯುವುದರಿಂದ ಈ ನಂಬಿಕೆ ಸಹಜ. ಆದರೆ ಎಸ್‌ಪಿಐ ಮಟ್ಟಿಗೆ ಇದನ್ನು ಒಪ್ಪಲಾಗದು. ಕರ್ನಲ್‌ನ ಬೈಂಡಿಂಗ್ ದಾಖಲೆಯಲ್ಲಿರುವ ಕೋಷ್ಟಕದ ಪ್ರಕಾರ, ಸಾಧನದ ನೋಡ್‌ನಲ್ಲಿ 'ಎಸ್‌ಪಿಐ-ಸಿಎಸ್-ಹೈ' ಇಲ್ಲದಿದ್ದರೆ ಫ್ಲ್ಯಾಗ್ ಆ್ಯಕ್ಟಿವ್ ಹೈ ಎಂದರೂ ಪಿನ್ ಕೆಳಮಟ್ಟದಲ್ಲಿಯೇ ಸಕ್ರಿಯ. ಅದು ಇದ್ದರೆ, ಫ್ಲ್ಯಾಗ್ ಆ್ಯಕ್ಟಿವ್ ಲೋ ಎಂದರೂ ಮೇಲ್ಮಟ್ಟದಲ್ಲಿಯೇ ಸಕ್ರಿಯ. ಕಾರಣ ಚಾರಿತ್ರಿಕ. 2019ರಲ್ಲಿ, 5.1ನೇ ಆವೃತ್ತಿಯಿಂದ, ಎಸ್‌ಪಿಐ ಕೋರ್ ಜಿಪಿಐಒ ಡಿಸ್ಕ್ರಿಪ್ಟರ್‌ಗಳನ್ನು ಬಳಸತೊಡಗಿತು. ಅದಕ್ಕೂ ಹಿಂದಿನ ಟ್ರೀಗಳಲ್ಲಿ ಫ್ಲ್ಯಾಗಿನ ಜಾಗದಲ್ಲಿ ಸೊನ್ನೆ ಬರೆಯುವ ರೂಢಿಯಿತ್ತು. ಸೊನ್ನೆಯೆಂದರೆ ಆ್ಯಕ್ಟಿವ್ ಹೈ. ಅದನ್ನು ಅಕ್ಷರಶಃ ಪಾಲಿಸಿದ್ದರೆ ಸರಿಯಾಗಿ ನಡೆಯುತ್ತಿದ್ದ ಬೋರ್ಡುಗಳು ನಿಂತುಹೋಗುತ್ತಿದ್ದವು.

ಎರಡೂ ವೈರುಧ್ಯಗಳಿಗೆ ಎಚ್ಚರಿಕೆ ಬರಬೇಕೆನ್ನುತ್ತದೆ ದಾಖಲೆ. ಕೋಡ್ ಮಾತ್ರ ಎರಡನೆಯದಕ್ಕಷ್ಟೇ ಎಚ್ಚರಿಕೆ ಕೊಟ್ಟು, ಮೊದಲನೆಯದನ್ನು ಬರಿಯ ಮಾಹಿತಿಯೆಂದು ಲಾಗ್‌ಗೆ ಬರೆಯುತ್ತದೆ. ತೊಂದರೆ ಹೆಚ್ಚಾಗಿ ಹುಟ್ಟುವುದು ಈ ಮೊದಲನೆಯದರಲ್ಲೇ ಎಂದು ನನಗನ್ನಿಸುತ್ತದೆ. ಪಿನ್ನಿಗೂ ಚಿಪ್ಪಿಗೂ ನಡುವೆ ಮಟ್ಟವನ್ನು ತಿರುಗಿಸುವ ಟ್ರಾನ್ಸಿಸ್ಟರ್ ಇದೆಯೆನ್ನಿ. ಡೇಟಾಶೀಟಿನ ಪ್ರಕಾರ ಚಿಪ್ ಕೆಳಮಟ್ಟಕ್ಕೆ ಸ್ಪಂದಿಸುತ್ತದೆ. ಹಾಗಾಗಿ ಎಂಜಿನಿಯರ್ 'ಎಸ್‌ಪಿಐ-ಸಿಎಸ್-ಹೈ' ಬಿಟ್ಟು, ತಿರುವನ್ನು ಫ್ಲ್ಯಾಗಿನಲ್ಲಿ ಸೂಚಿಸುತ್ತಾರೆ. ತರ್ಕ ನಿರ್ದುಷ್ಟ, ಆದರೂ ದತ್ತಾಂಶ ಹರಿಯುವ ಹೊತ್ತಿಗೆ ಚಿಪ್ ಆಯ್ಕೆಯಾಗಿರುವುದಿಲ್ಲ. ಡೀಬಗ್‌ಎಫ್‌ಎಸ್‌ನ ಜಿಪಿಐಒ ಕಡತದಲ್ಲಿ ಆ ಪಿನ್ನಿನ ಮುಂದೆ 'ಆ್ಯಕ್ಟಿವ್ ಲೋ' ಎಂದಿದ್ದರೆ ಸಂಶಯ ಖಚಿತವಾಗುತ್ತದೆ.

ಆದ್ದರಿಂದ 'ಎಸ್‌ಪಿಐ-ಸಿಎಸ್-ಹೈ' ಎಂಬುದನ್ನು ಚಿಪ್ಪಿನ ಗುಣವೆಂದಲ್ಲ, ಕಂಟ್ರೋಲರ್ ಕಡೆಯಿಂದ ಕಾಣುವ ತಂತಿಯ ಗುಣವೆಂದು ಓದಬೇಕೆಂಬುದು ನನ್ನ ವಾದ. ಇದು ಜಿಪಿಐಒ ಮೂಲಕ ನಡೆಯುವ ಚಿಪ್ ಸೆಲೆಕ್ಟ್‌ಗಳಿಗೆ, ಅದೂ ಡಿವೈಸ್ ಟ್ರೀ ಬಳಸುವ ಬೋರ್ಡುಗಳಿಗೆ ಸೀಮಿತ. ಕಂಟ್ರೋಲರ್‌ನ ಸ್ವಂತ ಸೆಲೆಕ್ಟ್ ಪಿನ್ನುಗಳಿಗೆ ಹಾಗೆಯೇ ಅನ್ವಯಿಸುತ್ತದೆಂದು ಹೇಳಲಾರೆ. ಆ ಗುಣವನ್ನು ಚಿಪ್ಪಿಗೇ ಸೇರಿಸುವ ಓದಿಗೂ ಆಧಾರವಿದೆ, ಏಕೆಂದರೆ ಅದು ಬರೆಯಲ್ಪಡುವುದು ಚಿಪ್ಪಿನ ನೋಡ್‌ನಲ್ಲಿಯೇ. ನಡುವಿನ ಟ್ರಾನ್ಸಿಸ್ಟರ್‌ಗೆ ಮಾತ್ರ ಟ್ರೀಯಲ್ಲಿ ಎಲ್ಲಿಯೂ ಸ್ಥಾನವಿಲ್ಲ. ಅದನ್ನು ಹೇಗೆ ವಿವರಿಸಬೇಕೆಂಬ ಪ್ರಶ್ನೆಯನ್ನು ಈ ಲೇಖನ ಬಗೆಹರಿಸಿಲ್ಲ.